ದಾರಿಯಲ್ಲಿ ಬಿಚ್ಚಿದ ಬುತ್ತಿ

ನಮ್ಮ ಲ್ಯಾಬಿನಲ್ಲಿ ಪ್ರತಿ ಡಬ್ಬಿಗೂ ಒಂದು ಚೀಟಿ ಅಂಟಿಸುತ್ತಿದ್ದೆವು. ಚೀಟಿಯಲ್ಲಿ ನಾಲ್ಕು ಸಾಲು: ಏನು, ಎಲ್ಲಿಯದು, ಫಲಿತಾಂಶ, ತಂದವರು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಯಲ್ಲಿ, ತಗಡು ಹೊದಿಸಿದ ಎರಡು ಕೋಣೆಯ ಲ್ಯಾಬು ಅದು. ಗಣಿಯಿಂದ ಬಂದ ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಪರೀಕ್ಷೆ ಮಾಡಿ ಹೇಳುವುದು ಕೆಲಸ. ಪರೀಕ್ಷೆ ಮಾಡುವವರು ಸರ್. ಅದಿರು ಕುಟ್ಟಿ, ಜರಡಿ ಹಿಡಿದು, ಡಬ್ಬಿ ತುಂಬುವವರು ನಾನು ಮತ್ತು ಹುಲಿಗೆಮ್ಮ.

ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಒಂದು ಚೀಟಿಯಲ್ಲಿ ನಾಲ್ಕನೆಯ ಸಾಲು ಖಾಲಿ ಬಿಟ್ಟಿದ್ದೆ. ಸರ್ ಆ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು.

“ಇದನ್ನ ಯಾರು ತಂದ್ರು?”

“ಲಾರಿ ಡ್ರೈವರ್ ರೀ ಸರ್.”

“ಅವಗ ಹೆಸರಿಲ್ಲೇನು? ಅವರಪ್ಪ ತೊಟ್ಟಿಲಕ್ಕ ಹಾಕಿಲ್ಲೇನು?”

ಹುಲಿಗೆಮ್ಮ ನಕ್ಕಳು. ಸರ್ ನಗಲಿಲ್ಲ. “ತಂದವರ ಹೆಸರಿಲ್ಲದ್ದು ಮಾದರಿ ಅಲ್ಲಪ್ಪ, ಬರೇ ಮಣ್ಣು. ಹೋಗು, ಚೆಲ್ಲು” ಅಂದರು. ಅರ್ಧ ದಿನ ಕುಟ್ಟಿದ್ದ ಪುಡಿಯನ್ನು ಹೊರಗೆ ಹೋಗಿ ಚೆಲ್ಲಿ ಬಂದೆ. ಆಮೇಲೆ ಆ ಸಾಲನ್ನು ನಾನು ಖಾಲಿ ಬಿಟ್ಟಿದ್ದಿಲ್ಲ.

ಅವರ ಜೀವನವೆಲ್ಲ ಬರೆಯಲು ನನಗೆ ಬರುವುದಿಲ್ಲ, ಅರ್ಧಕ್ಕರ್ಧ ಗೊತ್ತೂ ಇಲ್ಲ. ನಾನು ಓದಿದ್ದು ಹತ್ತನೆಯ ಇಯತ್ತೆ. ಗಣಿ ಜೋರಾಗಿದ್ದ ಆರು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ಕೊನೆಯ ವರ್ಷ ಅವರಿಗೆ ಕ್ಯಾನ್ಸರ್ ಆಯಿತು. ಒಂದು ಸಲ ಅವರ ಔಷಧವನ್ನು ಬಳ್ಳಾರಿಯಿಂದ ತರುವ ಕೆಲಸ ನನ್ನ ಪಾಲಿಗೆ ಬಂತು. ತಂದೆ. ತರುವಾಗ ಕೆಡಿಸಿದೆ. ಕೆಡಿಸಿದ್ದು ಅಂದು ನನಗೆ ಗೊತ್ತಾಗಲಿಲ್ಲ, ಅವರಿಗೆ ಗೊತ್ತಾಗಿತ್ತು. ಅವರು ಹೋಗಿ ಇಷ್ಟು ದಿನವಾದರೂ ನನಗೆ ಬಗೆಹರಿಯದೆ ಉಳಿದಿರುವುದು ಅದೊಂದೇ.

ಸರ್ ಮೊದಲು ದೋಣಿಮಲೈ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿ ಬೆಳಿಗ್ಗೆ ಸ್ಟಾಫ್ ಬಸ್ಸಿಗೆ ನಿಂತು ನಿಂತು ಅಭ್ಯಾಸವಾಗಿ, ನಮ್ಮ ಲ್ಯಾಬಿಗೆ ಬರುವಾಗಲೂ ಹೊಸಪೇಟೆಯ ಮನೆ ಮುಂದಿನ ರಸ್ತೆಯಲ್ಲಿ ಐದು ನಿಮಿಷ ಮೊದಲೇ ಛತ್ರಿ ಹಿಡಿದು ನಿಲ್ಲುತ್ತಿದ್ದರು. ಬರುವುದು ಸ್ಟಾಫ್ ಬಸ್ಸಲ್ಲ, ಮಂದಿ ತುಂಬಿಕೊಂಡು ಓಡುವ ಟಂಟಂ ಆಟೋ. ಅದಕ್ಕೆ ಹೊತ್ತುಗೊತ್ತಿಲ್ಲ. ಆದರೂ ಅವರ ಐದು ನಿಮಿಷ ತಪ್ಪುತ್ತಿರಲಿಲ್ಲ. ಹಣೆಯಲ್ಲಿ ಅಂಗಾರ, ಅಕ್ಷತೆ. ಮೈಮೇಲೆ ಬಿಳಿ ಅಂಗಿ. ಸಂಡೂರು ರಸ್ತೆಯಲ್ಲಿ ಬಿಳಿ ಅಂಗಿ ಹಾಕುವವರು ಆಗ ಅವರೊಬ್ಬರೇ ಇದ್ದರೆಂದು ಕಾಣುತ್ತದೆ. ಗಿಡದ ಎಲೆ, ಎಮ್ಮೆಯ ಕೊಂಬು, ಚಹಾದಂಗಡಿಯ ಗಾಜಿನ ಲೋಟ, ಎಲ್ಲಕ್ಕೂ ಅದಿರಿನ ಕೆಂಪು ಕೂತಿರುತ್ತಿತ್ತು.

“ಸರ್, ಒಂದು ಕಾವಿ ಅಂಗಿ ಹೊಲಿಸ್ರಿ. ಅಮ್ಮಾರಿಗೆ ಒಗ್ಯಾಣ ಕಮ್ಮಿ ಆಗ್ತೈತಿ” ಎಂದು ಹುಲಿಗೆಮ್ಮ ಚಾಷ್ಟಿ ಮಾಡುತ್ತಿದ್ದಳು.

“ಕಾವಿ ಹಾಕಿದ್ರ ಧೂಳು ಕಾಣಂಗಿಲ್ಲವ್ವ. ಬಿಳೇದಿದ್ರ ಸಂಜಿಗೆ ಕಾಲರ್ ನೋಡಿ ಇವತ್ತು ಎಷ್ಟು ಲಾರಿ ಹೋದ್ವು ಅಂತ ಹೇಳಬಹುದು” ಅನ್ನುತ್ತಿದ್ದರು. ನಿಜವಾಗಿಯೂ ಹೇಳುತ್ತಿದ್ದರು. ಸರಿಯೋ ತಪ್ಪೋ ನೋಡಿದವರು ಯಾರು.

ಅವರಿಂದ ನಾನು ಕಲಿತ ದೊಡ್ಡ ವಿದ್ಯೆ ರಾಶಿ ಪಾಲು ಮಾಡುವುದು. ಒಂದು ಲಾರಿ ಅದಿರಿನ ಗುಣ ಒಂದು ಚಮಚ ಪುಡಿಯಲ್ಲಿ ಗೊತ್ತಾಗಬೇಕು. ಕುಟ್ಟಿದ ಅದಿರನ್ನು ನೆಲದ ಮೇಲೆ ಗೋಪುರದ ಹಾಗೆ ಸುರಿಯಬೇಕು. ತಲೆ ತಟ್ಟಿ ರೊಟ್ಟಿಯ ಹಾಗೆ ಮಾಡಬೇಕು. ಅಡ್ಡ ಉದ್ದ ಗೆರೆ ಎಳೆದು ನಾಲ್ಕು ಪಾಲು. ಎದುರಾಬದುರಿನ ಎರಡು ಇಟ್ಟುಕೊಂಡು ಉಳಿದೆರಡು ಚೆಲ್ಲಬೇಕು. ಉಳಿಸಿದ್ದನ್ನು ಮತ್ತೆ ಗೋಪುರ, ಮತ್ತೆ ನಾಲ್ಕು ಪಾಲು. ಹೀಗೆ ಇಳಿಯುತ್ತ ಇಳಿಯುತ್ತ ಅಂಗೈಯಷ್ಟಾದಾಗ ಅದನ್ನು ಎರಡು ಮಾಡಿ, ಒಂದನ್ನು ಪರೀಕ್ಷೆಗೆ, ಇನ್ನೊಂದನ್ನು ಡಬ್ಬಿಯಲ್ಲಿ ಮುಚ್ಚಿ ಗೋಡೆಯ ಕಪಾಟಿಗೆ. ಕಪಾಟಿನದಕ್ಕೆ ಸಾಕ್ಷಿ ಮಾದರಿ ಅನ್ನುತ್ತಿದ್ದೆವು. ಯಾರಾದರೂ ತಕರಾರು ತೆಗೆದರೆ ಆ ಡಬ್ಬಿ ಒಡೆದು ನೋಡಬೇಕು. ಆರು ತಿಂಗಳು ಅದನ್ನು ಯಾರೂ ಮುಟ್ಟಬಾರದು, ಆರು ತಿಂಗಳಾದ ಮೇಲೆ ನಾನು ತೆಗೆದು ಚೆಲ್ಲಬೇಕು.

ಶನಿವಾರ ಸಂಜೆ ಮಂಡಕ್ಕಿ ತರಿಸಿದರೆ ಅದಕ್ಕೂ ಇದೇ ಶಾಸ್ತ್ರ. ಪೇಪರಿನ ಮೇಲೆ ಗೋಪುರ, ತಟ್ಟಿ ನಾಲ್ಕು ಪಾಲು. ಮೂವರಿಗೆ ಮೂರು, ನಾಲ್ಕನೆಯದು ಹುಲಿಗೆಮ್ಮನ ಮನೆಗೆ.

“ಸರ್, ನಮ್ಮ ಮನಿಯವ ಕುಡುದು ಬಂದ ದಿನ ಅವಂಗೂ ಹಿಂಗ ನಾಕು ಪಾಲು ಮಾಡ್ತೀನ್ರಿ. ಎದುರಾಬದುರಿನ ಎರಡು ಇಟ್ಕೊಂಡು ಉಳಿದಿದ್ದು ಚೆಲ್ತೀನಿ.”

“ಮಾಡವ್ವ. ಚೀಟಿ ಮಾತ್ರ ಮರೀಬ್ಯಾಡ.”

ಇಂಥ ಮಾತು ಆಡುವಾಗ ಅವರ ಮುಖ ಚೂರೂ ಬದಲಾಗುತ್ತಿರಲಿಲ್ಲ. ಅದೇ ಮುಖದಲ್ಲಿ ಒಮ್ಮೆ ಒಬ್ಬ ಅದಿರು ವ್ಯಾಪಾರಿಗೂ ಉತ್ತರ ಕೊಟ್ಟಿದ್ದರು. ಆತ ಕಾರಿನಿಂದ ಇಳಿದು, ಕಬ್ಬಿಣ ನೂರಕ್ಕೆ ಅರವತ್ತೆರಡು ಬಂದದ್ದನ್ನು ಅರವತ್ಮೂರು ಮಾಡಿರಿ, ಒಂದರಲ್ಲಿ ಏನು ಹೋಗುತ್ತದೆ ಎಂದು ಕೂತ. ಸರ್ ಚಹಾ ತರಿಸಿ ಕೊಟ್ಟರು. “ಸಾಹೇಬ್ರ, ಕಲ್ಲಿನಾಗ ಕಬ್ಬಿಣ ಹಾಕಿದಾಂವ ನಾ ಅಲ್ಲ. ಹಾಕಿದಾಂವ ಮ್ಯಾಲ ಇದ್ದಾನ. ಒಂದು ಕಡಿಮಿ ಬಿದ್ದದ ಅಂತ ಅವಗ ಹೇಳ್ರಿ” ಅಂದರು. ಆತ ಚಹಾ ಕುಡಿಯದೆ ಎದ್ದು ಹೋದ. ಆ ಲೋಟವನ್ನು ಸರ್ ನನ್ನ ಕಡೆ ಸರಿಸಿ, “ಆರಿ ಹೋಗ್ತದ, ಕುಡಿ” ಅಂದರು. ಬರೆದ ಅಂಕಿಯನ್ನು ಅವರು ಯಾರಿಗಾಗಿಯೂ ತಿದ್ದಿದ್ದನ್ನು ನಾನು ನೋಡಿಲ್ಲ.

ಕುತ್ತಿಗೆಯಲ್ಲಿ ಗಂಟು ಕಂಡಾಗಲೂ ಅವರು ಅದನ್ನು ಅಳತೆ ಹಿಡಿದೇ ನೋಡಿದರು. ಪ್ರತಿ ಸೋಮವಾರ ಕನ್ನಡಿಯ ಮುಂದೆ ದಾರ ಹಿಡಿದು ಅಳೆದು ಬರೆದಿಡುತ್ತಿದ್ದರಂತೆ. ಹುಬ್ಬಳ್ಳಿಗೆ ಹೋಗಿ ತೋರಿಸಿ ಬಂದ ಮರುದಿನ ನಮ್ಮಿಬ್ಬರನ್ನೂ ಕರೆದು, ಗಂಟು ಕ್ಯಾನ್ಸರಿನದು ಎಂದು ಹೇಳಿದರು. ಹುಲಿಗೆಮ್ಮ ಸೆರಗು ಬಾಯಿಗೆ ಹಿಡಿದಳು. ಅವರು ಜರಡಿ ತರಲು ಹೇಳಿದರು. ನಮ್ಮಲ್ಲಿದ್ದ ಎಲ್ಲಕ್ಕಿಂತ ಸಣ್ಣ ಜರಡಿ, ಗೋಧಿ ಹಿಟ್ಟಿಗಿಂತ ನುಣುಪಾದ ಪುಡಿ ಬೀಳುವಂಥದ್ದು.

“ಇದರಾಗ ಬಿದ್ದದ್ದು ಒಂದು ಕಣ ತಗೋ. ಅದರ ಅಗಲಾನ ನೂರು ಪಾಲು ಮಾಡು. ಆ ನೂರರಾಗ ಒಂದನ್ನ ಮತ್ತ ಹತ್ತು ಪಾಲು ಮಾಡು. ಅಷ್ಟು ಸಣ್ಣದಕ್ಕ ನ್ಯಾನೋ ಅಂತಾರ.”

“ಅಷ್ಟು ಸಣ್ಣಂದು ಏನ್ ಮಾಡಾಕ್ರಿ ಸರ್?”

“ಅಷ್ಟು ಸಣ್ಣ ಕೊಬ್ಬಿನ ಗುಳ್ಳಿ ಮಾಡಿ, ಅದರೊಳಗ ಔಷಧ ಇಟ್ಟು ಕಟ್ತಾರ. ಹೊಲಕ್ಕ ಬುತ್ತಿ ಕಟ್ಟಿದಂಗ. ಒಳ್ಳೆ ರಕ್ತನಾಳ ಅಂದ್ರ ಗಟ್ಟಿ ಜರಡಿ, ಗುಳ್ಳಿ ಅದರಾಗ ದಾಟಂಗಿಲ್ಲ, ಮುಂದ ಹೋಗ್ತದ. ಗಂಟಿಗೆ ಹೋಗೋ ನಾಳ ಗಡಿಬಿಡಿ ಒಳಗ ಬೆಳದದ್ದು, ಹರಕು ಜರಡಿ. ಅಲ್ಲಿ ಗುಳ್ಳಿ ಸೋರಿ ಗಂಟಿನೊಳಗ ಬೀಳ್ತದ. ಅಲ್ಲಿ ಬುತ್ತಿ ಬಿಚ್ಚತದ.”

“ಕಟ್ಟಲಾರದ ಔಷಧ ಇಲ್ಲೇನ್ರಿ?”

“ಅದ. ಅದೂ ಇದೇ ಕೆಂಪು ಔಷಧ. ಖರೆ ಅದು ಕೈಯಾಗ ಅನ್ನ ಹಿಡಕೊಂಡು ಹೊಲಕ್ಕ ಹೋದಂಗ. ದಾರಿ ತುಂಬ ಉದುರ್ತದ. ಎದಿ ಮ್ಯಾಲೂ ಉದುರ್ತದ. ನನ್ನ ಎದಿ ಮೊದಲ ಸುಮಾರು ಅದ. ಅದಕ್ಕ ಡಾಕ್ಟರು ಬುತ್ತಿ ಕಟ್ಟಿದ್ದ ಬೇಕು ಅಂದಾರ.”

ಹುಲಿಗೆಮ್ಮ ಸೆರಗು ತೆಗೆದು, “ಕೆಂಪಂದ್ರ ನಮ್ಮ ಧೂಳಿನಂಗೇನ್ರಿ?” ಎಂದಳು.

“ಹೌದವ್ವ. ಇಷ್ಟು ವರ್ಷ ಹೊರಗಿಂದ ಬೀಳ್ತಿತ್ತು, ಈಗ ಒಳಗಿಂದ.”

ಹುಬ್ಬಳ್ಳಿಯ ಆ ಡಾಕ್ಟರು ತಿಂಗಳಿಗೊಂದು ಭಾನುವಾರ ಹೊಸಪೇಟೆಯ ಒಂದು ನರ್ಸಿಂಗ್ ಹೋಮಿಗೆ ಬರುತ್ತಿದ್ದರು. ಔಷಧ ಮಾತ್ರ ನಾವೇ ತರಬೇಕು. ಬಳ್ಳಾರಿಯ ಅಂಗಡಿಯೊಂದು ಮೊದಲೇ ಹೇಳಿದರೆ ಬೆಂಗಳೂರಿನಿಂದ ತರಿಸಿ ಕೊಡುತ್ತಿತ್ತು. ಹೇಳಿ ಎರಡು ಮೂರು ವಾರ ಕಾಯಬೇಕು. ಮೊದಲೆರಡು ಸಲ ಸರ್ ತಾವೇ ಹೋದರು, ಜೊತೆಗೆ ನಾನು. ಥರ್ಮಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಅದರ ಮೇಲೆ ಅಂಗೈ ಇಟ್ಟಿರುತ್ತಿದ್ದರು. ಎರಡು ಇಂಜೆಕ್ಷನ್ ಆದ ಮೇಲೆ ಒಂದು ಸೋಮವಾರ ಅವರು ದಾರವನ್ನು ಲ್ಯಾಬಿಗೇ ತಂದು ತೋರಿಸಿದರು. ದಾರದ ಮೇಲೆ ಎರಡು ಗಂಟು ಹಾಕಿದ್ದರು, ಹಳೆಯ ಅಳತೆಗೊಂದು, ಹೊಸದಕ್ಕೊಂದು. ನಡುವೆ ಒಂದು ಬೆರಳು ಅಗಲ. “ಇಳದದ” ಅಂದರು. ಅಷ್ಟೇ ಅಂದದ್ದು. ಆ ದಿನ ಸೋಮವಾರವಾದರೂ ಮಂಡಕ್ಕಿ ತರಿಸಿದರು.

ಮೂರನೆಯ ಸಲಕ್ಕೆ ಅವರಿಗೆ ಬಸ್ಸಿನಲ್ಲಿ ಕೂರುವ ಶಕ್ತಿ ಇರಲಿಲ್ಲ. ಶನಿವಾರ ನಾನೊಬ್ಬನೇ ಹೋಗುವುದೆಂದಾಯಿತು. ಹಿಂದಿನ ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು. “ಎರಡು ಮಾತು. ಬಿಸಿ ಆಗಬಾರ್ದು. ಹೆಪ್ಪುಗಟ್ಟಬಾರ್ದು. ಕೊಡದಾಗಿನ ನೀರು ಇರ್ತದಲ್ಲ, ಅದಕ್ಕಿಂತ ತುಸು ತಣ್ಣಗ, ಅಷ್ಟ. ಹೆಪ್ಪುಗಟ್ಟಿದ್ರ ಗುಳ್ಳಿ ಒಡೀತಾವ. ಬುತ್ತಿ ದಾರ್ಯಾಗ ಬಿಚ್ಚಿದಂಗ. ಏನಂದೆ, ಹೇಳು?”

“ಬಿಸಿ ಆಗಬಾರ್ದು, ಹೆಪ್ಪುಗಟ್ಟಬಾರ್ದು ರೀ.”

ಹೇಳಿದ್ದೆ. ನನ್ನ ಬಾಯಿಂದಲೇ ಹೇಳಿದ್ದೆ.

ಬಳ್ಳಾರಿಯಿಂದ ಬಸ್ಸು ಹೊರಟಾಗ ಹತ್ತೂವರೆ. ಏಪ್ರಿಲ್ ಬಿಸಿಲು. ಪಾಪಿನಾಯಕನಹಳ್ಳಿಯ ಹತ್ತಿರ ಬಸ್ಸು ನಿಂತಿತು. ಮುಂದೆ ಅದಿರಿನ ಲಾರಿಯೊಂದು ರಸ್ತೆಗೆ ಅಡ್ಡ ಉರುಳಿತ್ತು. ಹಿಂದೆ ಮುಂದೆ ಕಣ್ಣು ಹಾಯುವವರೆಗೂ ಲಾರಿಗಳೇ. ಆಗೆಲ್ಲ ಇದು ದಿನದ ಮಾತು. ಮೂರು ತಾಸಾದರೆ ಬೇಗ ಬಿಟ್ಟಿತು ಅನ್ನುತ್ತಿದ್ದೆವು. ಬಸ್ಸಿನ ತಗಡು ಕಾದು ಒಳಗೆ ಕೂರಲಾಗಲಿಲ್ಲ. ಡಬ್ಬಿಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಅದು ಡಬ್ಬಿಯ ಬಿಸಿಯೋ ನನ್ನ ಕೈಯ ಬಿಸಿಯೋ ಈಗಲೂ ಹೇಳಲಾರೆ. ಬಿಸಿ ಆಗಬಾರದು. ಆ ಒಂದು ಮಾತಷ್ಟೇ ತಲೆಯೊಳಗೆ ತಿರುಗತೊಡಗಿತು.

ಪಾಪಿನಾಯಕನಹಳ್ಳಿ ನನ್ನದೇ ಊರು. ರಸ್ತೆಯ ಬದಿಗೇ ಮೌಲಾಸಾಬನ ಸೋಡಾ ಅಂಗಡಿ. ಇಳಿದು ಓಡಿದೆ.

“ಏನಲೇ ಅದು, ಎದಿಗೆ ಅವಚಿಕೊಂಡು ಬಂದಿ? ಕೂಸೇನು?” ಅಂದ ಮೌಲಾ.

“ಔಷಧ ಐತೋ, ನಮ್ಮ ಸರ್‌ದು. ಕಾಯಾಕ್ ಹತ್ತೈತಿ. ನಿನ್ನ ಐಸ್‌ಕ್ಯಾಂಡಿ ಪೆಟ್ಟಿಗ್ಯಾಗ ಜಾಗ ಮಾಡು ಜಲ್ದಿ.”

“ಇಡು. ಹೊಸಾ ಪೆಟ್ಟಿಗಿ ಐತಿ, ಮಸ್ತ್ ಐತಿ. ಕಲ್ಲು ಮಾಡಿ ಕೊಡ್ತತಿ ನೋಡು.”

ಕಲ್ಲು ಮಾಡಿ ಕೊಡುತ್ತದೆ ಎಂದು ಅವನು ಬಾಯಿಬಿಟ್ಟು ಹೇಳಿದ್ದ. ನನಗೆ ಅದು ಕಿವಿಗೆ ತಂಪಾಗಿ ಕೇಳಿತು. ಥರ್ಮಕೋಲ್ ಇದ್ದರೆ ತಣ್ಣಗೆ ತಾಕದು ಎಂದು ಸೀಸೆಗಳ ಸಣ್ಣ ಪೆಟ್ಟಿಗೆಯನ್ನು ಹೊರಗೆ ತೆಗೆದು, ಕ್ಯಾಂಡಿಗಳ ನಡುವೆ ನಾನೇ ಹುಗಿದಿಟ್ಟೆ. ಆಮೇಲೆ ಮನೆಗೆ ಹೋದೆ. ಉಂಡೆ. ಔಷಧ ತಣ್ಣಗಿದೆ ಎಂಬ ನೆಮ್ಮದಿಗೆ ಕಣ್ಣು ಹತ್ತಿತು. ಲಾರಿ ಎತ್ತಿ ದಾರಿ ಬಿಟ್ಟರೆಂದು ಮೌಲಾ ಕೂಗಿದಾಗ ಮೂರು ಗಂಟೆ. ಸೀಸೆಗಳ ಪೆಟ್ಟಿಗೆಯ ಮೇಲೆ ಬಿಳಿ ಮಂಜು ಕೂತಿತ್ತು. ಅಂಗಿಯಿಂದ ಒರೆಸಿ, ಮತ್ತೆ ಥರ್ಮಕೋಲಿನಲ್ಲಿಟ್ಟು ಬಸ್ಸು ಹತ್ತಿದೆ. ಈ ಕೆಲಸವನ್ನು ಚೊಕ್ಕವಾಗಿ ಮಾಡಿದೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಸರ್ ಬಾಗಿಲಲ್ಲೇ ಕೂತಿದ್ದರು. ಡಬ್ಬಿ ಇಸಿದುಕೊಂಡು ಒಳಗೆ ಹೋಗಿ, ಅಡುಗೆಮನೆಯ ಕಿಟಕಿಯ ಬೆಳಕಿಗೆ ಒಂದು ಸೀಸೆ ಹಿಡಿದು ಮೆಲ್ಲಗೆ ಓಲಾಡಿಸಿದರು. ನಾನು ಪಡಸಾಲೆಯಿಂದ ನೋಡುತ್ತಿದ್ದೆ. ಲ್ಯಾಬಿನಲ್ಲಿ ಗಾಜಿನ ಪಾತ್ರೆ ಹಿಡಿದು ನೋಡುವುದೂ ಹಾಗೆಯೇ, ತಲೆ ತುಸು ವಾಲಿಸಿ. ಅಂದು ಯಾವತ್ತಿಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ತಿರುಗಿ, “ದಾರ್ಯಾಗ ಭಾಳ ತ್ರಾಸಾತೇನು?” ಎಂದು ಕೇಳಿದರು.

ನಾನು ಲಾರಿ ಉರುಳಿದ್ದು, ಬಿಸಿಲು, ಮೌಲಾನ ಪೆಟ್ಟಿಗೆ, ಎಲ್ಲ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ.

ಅಮ್ಮ, ಅಂದರೆ ಸರ್ ಅವರ ಹೆಂಡತಿ, ಒಲೆಯ ಮುಂದಿದ್ದವರು ಏನೋ ಹೇಳಲು ಬಾಯಿ ತೆರೆದರು. ಸರ್ ಅವರ ಕಡೆ ನೋಡಿದರು. ಅಮ್ಮ ಒಲೆಯ ಕಡೆ ತಿರುಗಿದರು.

“ಬಂತಲ್ಲ. ಒಳಗ ಬಾ, ಕೂಡು” ಅಂದರು ಸರ್. ಆರು ವರ್ಷದಲ್ಲಿ ಆ ಮನೆಯ ಪಡಸಾಲೆ ದಾಟಿದವನಲ್ಲ ನಾನು. ಅಂದು ಅಡುಗೆಮನೆಯಲ್ಲಿ ತಮ್ಮ ಪಕ್ಕದಲ್ಲೇ ಮಣೆ ಹಾಕಿಸಿದರು. ಅಮ್ಮನ ತವರು ಕಂಪ್ಲಿ. ಅಲ್ಲಿಂದ ಬಂದ ಅಕ್ಕಿಯ ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಮನೆಯಲ್ಲಿ ಉಂಡಿದ್ದೇನೆ ಎಂದರೂ ಕೇಳಲಿಲ್ಲ. ಅವರು ಉಣ್ಣಲಿಲ್ಲ, ನಾನು ಉಣ್ಣುವುದನ್ನು ನೋಡುತ್ತ ಕೂತಿದ್ದರು. ಅಂದಿನ ಪ್ರತಿ ಮಾತನ್ನೂ ಆಮೇಲೆ ಎಷ್ಟೋ ಸಲ ತಿರುವಿ ನೋಡಿದ್ದೇನೆ. ಔಷಧ ಸರಿ ಇದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಬಂತಲ್ಲ ಎಂದಷ್ಟೇ ಹೇಳಿದರು. ಸುಳ್ಳು ಹೇಳಲು ಅವರಿಗೆ ಅವತ್ತೂ ಆಗಲಿಲ್ಲ.

ಮರುದಿನ ಇಂಜೆಕ್ಷನ್ ಆಯಿತು. ಅದರ ಮುಂದಿನ ತಿಂಗಳೂ ಆಯಿತು. ಆ ಸಲ ಬಳ್ಳಾರಿಗೆ ಹೋಗುವುದು ಬೇಡ, ಇಲ್ಲೇ ಸಿಗುತ್ತದೆ ಎಂದರು. ನನಗೇನೂ ಅನುಮಾನ ಬರಲಿಲ್ಲ. ಗಂಟು ಇನ್ನೂ ಇಳಿಯಿತು. ಆದರೆ ಸರ್ ಲ್ಯಾಬಿನ ಮೂರು ಮೆಟ್ಟಿಲು ಹತ್ತಲು ನಡುವೆ ನಿಲ್ಲತೊಡಗಿದರು. ಮಳೆಗಾಲಕ್ಕೆ ಕಾಲು ಬಾತವು. ಛತ್ರಿಯನ್ನು ಕೋಲಿನ ಹಾಗೆ ಊರುತ್ತಿದ್ದರು. ಮಹಾನವಮಿಗೆ ಮುಂಚೆ, ಒಂದು ಬೆಳಿಗ್ಗೆ, ಟಂಟಂಗಾಗಿ ಐದು ನಿಮಿಷ ಮೊದಲೇ ಬಂದು ನಿಂತವರು ಅಲ್ಲೇ ಕುಸಿದರು. ಎದೆ ನಿಂತಿತು ಅಂದರು. ಹಂಪಿಯಲ್ಲಿ ಹೊಳೆಗೆ ಅಸ್ಥಿ ಬಿಡುವಾಗ ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಕ್ಯಾನ್ಸರ್ ಗೆಲ್ಲುತ್ತಿದ್ದ ಮನುಷ್ಯ, ಹಣೆಬರಹ ನೋಡು ಎಂದು ಪಕ್ಕದವರು ಆಡಿಕೊಂಡರು. ನಾನೂ ಹೌದೆಂದು ತಲೆಯಾಡಿಸಿದೆ.

ಆಮೇಲೆ ಒಂದು ತಿಂಗಳಿಗೆ ಕಪಾಟು ಖಾಲಿ ಮಾಡುವ ದಿನ ಬಂತು. ಏಪ್ರಿಲ್ ತಿಂಗಳ ಸಾಕ್ಷಿ ಮಾದರಿಗಳಿಗೆ ಆರು ತಿಂಗಳು ತುಂಬಿತ್ತು. ಕೆಳಗಿನ ಸಾಲಿನ ಮೂಲೆಯಲ್ಲಿ ಒಂದು ಡಬ್ಬಿ ಎತ್ತಿದರೆ ಹಗುರ. ಒಳಗೇನೋ ಉರುಳಿತು. ಮುಚ್ಚಳ ತೆಗೆದೆ. ಹತ್ತಿಯಲ್ಲಿ ಸುತ್ತಿದ ಸಣ್ಣ ಸೀಸೆ, ಒಡೆಯದ ಸೀಲು, ತಳದಲ್ಲಿ ಕೆಂಪು ಗಸಿ, ಮೇಲೆ ತಿಳಿ ಕೆಂಪು ನೀರು. ಚೀಟಿ ಸರ್ ಕೈಬರಹದಲ್ಲಿತ್ತು.

ಏನು: ಔಷಧ, ಒಂದು ಸೀಸೆ.
ಎಲ್ಲಿಯದು: ಬಳ್ಳಾರಿ.
ಫಲಿತಾಂಶ: ಹೆಪ್ಪುಗಟ್ಟಿ ಕೆಟ್ಟಿದೆ. ಉಪಯೋಗಿಸಿಲ್ಲ.
ತಂದವರು:

ಅಲ್ಲಿ ಏನೂ ಬರೆದಿರಲಿಲ್ಲ.

“ಯಾಕಣ್ಣ, ಏನಾತು?” ಎಂದು ಹುಲಿಗೆಮ್ಮ ಎರಡು ಸಲ ಕೇಳಿದಳು. ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಅಮ್ಮನ ಬಳಿ ಹೋದೆ. ಅವರು ಚೀಟಿ ನೋಡಿದರು. ಅವರಿಗೆ ಆಶ್ಚರ್ಯವಾಗಲಿಲ್ಲ.

“ಅವತ್ತ ಗೊತ್ತಿತ್ತಪ್ಪ. ರಾತ್ರಿನ ಡಾಕ್ಟರಿಗೆ ಫೋನ್ ಮಾಡಿದ್ರು. ಮತ್ತ ತರಿಸಬೇಕಂದ್ರ ಮೂರು ವಾರ, ಅಷ್ಟು ದಿನ ತಡಿಯಾಕ ಆಗಂಗಿಲ್ಲ ಅಂದ್ರು ಡಾಕ್ಟರು. ಅದಕ್ಕ ಬುತ್ತಿ ಕಟ್ಟಲಾರದ ಸಾದಾದ್ದ ಹಾಕಿದ್ರು. ಗಂಟು ಇಳೀತಲ್ಲ, ಮುಂದಿಂದಕ್ಕೂ ಅದ ಸಾಕು ಅಂತ ಇವರೇ ಹಟ ಹಿಡಿದ್ರು. ಮತ್ತ ತರಿಸಿದ್ರ ನಿನ್ನ ಕಳಸಬೇಕಾಗ್ತದ, ಕಳಸದಿದ್ರ ಯಾಕಂತ ನೀ ಕೇಳ್ತಿ.”

“ನನಗ ಯಾಕ ಹೇಳಲಿಲ್ರಿ ಅಮ್ಮಾ?”

“ಹೇಳಿದ್ರ ಅಂವ ಮತ್ತ ಯಾವ ಡಬ್ಬಿನೂ ಧೈರ್ಯದಿಂದ ಹಿಡಿಯಂಗಿಲ್ಲ, ಅವನ ಕೈ ಚಲೋ ಅದ ಅಂದ್ರು.” ಅಮ್ಮ ಸೆರಗಿನಿಂದ ಡಬ್ಬಿಯ ಧೂಳು ಒರೆಸಿದರು. “ನನಗ ಸಿಟ್ಟಿತ್ತಪ್ಪ. ಈಗೂ ಅದ. ಸುಳ್ಳ ಯಾಕ ಹೇಳ್ಲಿ.”

ನಾನು ಅವರ ಕಾಲಿಗೆ ಬಿದ್ದೆ. ಏಳು ಎಂದರು. ಸಮಾಧಾನ ಹೇಳಲಿಲ್ಲ. ಹೇಳದಿದ್ದುದೇ ಒಳ್ಳೆಯದಾಯಿತು.

ಆ ಸೀಸೆ ಕೆಡದಿದ್ದರೆ ಸರ್ ಉಳಿಯುತ್ತಿದ್ದರೇ ಎಂದು ಆ ಡಾಕ್ಟರನ್ನೇ ಒಂದು ಭಾನುವಾರ ಕಾದು ಕೇಳಿದೆ. ಅವರ ಎದೆ ಮೊದಲೇ ಸೋತಿತ್ತು, ಹೀಗೇ ಎಂದು ಯಾರೂ ಹೇಳಲಾರರು ಎಂದರು ಅವರು. ಆ ಉತ್ತರಕ್ಕೆ ಸರ್ ಒಪ್ಪುತ್ತಿದ್ದರು. ಮಾಡದ ಪರೀಕ್ಷೆಯ ಫಲಿತಾಂಶ ಬರೆಯಬಾರದು ಎಂಬುದು ಅವರದೇ ಮಾತು. ಒಪ್ಪಿಕೊಳ್ಳಲು ನನ್ನಿಂದ ಆಗಿಲ್ಲ.

ಸಾಕ್ಷಿ ಮಾದರಿಯನ್ನು ಆರು ತಿಂಗಳ ಮೇಲೆ ಚೆಲ್ಲುವವನು ನಾನೇ ಎಂದು ಅವರಿಗೆ ಗೊತ್ತಿತ್ತು. ಅಷ್ಟರೊಳಗೆ ತಾವೇ ತೆಗೆದುಬಿಡಬೇಕೆಂದು ಇಟ್ಟಿದ್ದರೇ, ಅಥವಾ ಎಂದಾದರೂ ನನಗೆ ಸಿಗಲಿ ಎಂದೇ ಇಟ್ಟಿದ್ದರೇ? ಕೆಟ್ಟದ್ದನ್ನು ಕೆಟ್ಟಿದೆ ಎಂದು ಬರೆಯದೆ ಇರಲು ಅವರಿಗೆ ಆಗುತ್ತಿರಲಿಲ್ಲ. ಬರೆದರು. ಬರೆಯದೆ ಬಿಟ್ಟದ್ದು ನನ್ನ ಹೆಸರೊಂದನ್ನೇ. ಅದಕ್ಕಾಗಿ ತಮ್ಮ ಮಾದರಿಯನ್ನು ಬರೇ ಮಣ್ಣು ಮಾಡಿಕೊಂಡರು.

ಗಣಿ ನಿಂತು ಲ್ಯಾಬು ಮುಚ್ಚಿತು. ರಸ್ತೆಯ ಗಿಡಗಳ ಎಲೆ ಈಗ ಹಸಿರಾಗಿ ಕಾಣುತ್ತದೆ. ಡಬ್ಬಿ ನನ್ನ ಮನೆಯ ಗೂಡಿನಲ್ಲಿದೆ. ಅದನ್ನು ಚೆಲ್ಲು ಎಂದು ಹೇಳುವವರು ಯಾರೂ ಇಲ್ಲ. ಮೊನ್ನೆ ಅದನ್ನು ಕೆಳಗಿಳಿಸಿ, ಪೆನ್ನು ತೆಗೆದುಕೊಂಡು, ನಾಲ್ಕನೆಯ ಸಾಲಿನಲ್ಲಿ ನನ್ನ ಹೆಸರು ಬರೆದೆ. ನನ್ನ ಅಪ್ಪನ ಹೆಸರನ್ನೂ, ಊರಿನ ಹೆಸರನ್ನೂ ಸೇರಿಸಿ, ಪೂರ್ತಿ ಬರೆದೆ.